ಗಿರಣಿ ಬ್ಯಾಂಡಿನ ಫೋಟೋ

ನಮ್ಮ ಮನೆ ಒಡತಿ ಸ್ಕಾಟ್ಲೆಂಡಿನ ಮುದುಕಿ. ನ್ಯೂಜೆರ್ಸಿಯ ಕಾರ್ನಿ ಅನ್ನುವ ಊರು. ಕೆಳಗೆ ಆಕೆ ಒಬ್ಬಳೇ, ಮೇಲೆ ನಾನು, ನಮ್ಮ ಯಜಮಾನರು, ಎರಡು ಮಕ್ಕಳು. ಯಜಮಾನರು ಬಣ್ಣದ ಫ್ಯಾಕ್ಟರಿಯಲ್ಲಿ ಕೆಮಿಸ್ಟ್. ಆ ಓಣಿಯಲ್ಲಿ ಇಂಡಿಯಾದವರು ಅಂದರೆ ನಾವೊಬ್ಬರೇ. ಉಳಿದವರು ದಾರದ ಗಿರಣಿಗೆ, ಲಿನೋಲಿಯಂ ಫ್ಯಾಕ್ಟರಿಗೆ ಅಂತ ಸ್ಕಾಟ್ಲೆಂಡಿನಿಂದ ಬಂದವರು, ಇಲ್ಲಾ ಅವರ ಮಕ್ಕಳು. ಗಿರಣಿ ಮುಚ್ಚಿ ಎಷ್ಟೋ ವರ್ಷ ಆಗಿತ್ತು. ಮುದುಕರು ಮಾತ್ರ ಇನ್ನೂ ಗಿರಣಿಯ ಭೋಂಗಾ ಕೂಗಿದ ಹಾಗೆ ನಸುಕಿಗೇ ಎದ್ದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಹೋಗುವುದಕ್ಕೆ ಜಾಗ ಇರಲಿಲ್ಲ.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ನನ್ನ ಇಂಗ್ಲಿಷು ಅರ್ಧಂಬರ್ಧ. ಮುದುಕಿಯ ಇಂಗ್ಲಿಷು ಅಮೆರಿಕದವರಿಗೇ ತಿಳಿಯುತ್ತಿರಲಿಲ್ಲ. ಹಾಗಾಗಿ ನಮ್ಮಿಬ್ಬರದು ಹೊಂದಿಕೊಂಡಿತು. ಆಕೆಯ ಮಾತು ನನ್ನ ಕಿವಿಗೆ ನಮ್ಮ ಧಾರವಾಡದ ಮಾತಿನ ಹಾಗೆ ಒರಟಾಗಿ ಬೀಳುತ್ತಿತ್ತು, ಹಾಗೇ ಬರೆಯುತ್ತೇನೆ. ನನ್ನನ್ನು ‘ಹೆನ್’ ಅಂತ ಕರೆಯುತ್ತಿದ್ದಳು. ಕೋಳಿ ಅನ್ನುತ್ತಾಳಲ್ಲ ಅಂತ ಮೊದಮೊದಲು ಸಿಟ್ಟು ಬರುತ್ತಿತ್ತು. ಅವರ ಕಡೆ ಅದು ಅಕ್ಕರೆಯ ಮಾತಂತೆ. ನಾನು ಆಕೆಗೆ ‘ಅಜ್ಜಿ’ ಅನ್ನುತ್ತಿದ್ದೆ. ಅದು ಏನು ಅಂತ ಆಕೆ ಕೇಳಲೇ ಇಲ್ಲ.

ಒಮ್ಮೆ ನಲ್ಲಿ ಸೋರುತ್ತದೆ ಅಂತ ನೋಡಲು ಮೇಲೆ ಬಂದಳು. ಗೋಡೆಯ ಮೇಲೆ ನಮ್ಮ ಮಾವನವರ ಫೋಟೋ, ಗಂಧದ ಹಾರ, ಗಾಜಿನ ಮೇಲೆ ಕುಂಕುಮ. ಸುಮಾರು ಹೊತ್ತು ನಿಂತು ನೋಡಿದಳು.

“ಚಲೋ ಮನಷ್ಯಾ ಇದ್ದನೇನು?”

“ಇಲ್ಲ.”

“ಮತ್ತ ಹಾರ ಯಾಕ?”

“ಸತ್ತಾರಲ್ಲ, ಅದಕ್ಕ.”

ಮುದುಕಿ ಕೆಮ್ಮು ಬರುವ ತನಕ ನಕ್ಕಳು. ನಲ್ಲಿ ಹಾಗೇ ಉಳಿಯಿತು.

ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು ಇನ್ನೂರು ವರ್ಷ ತುಂಬುವ ಬೇಸಿಗೆ ಹತ್ತಿರ ಬಂತು. ಊರೂರಿನಲ್ಲೂ ಹಳೇ ಫೋಟೋ ಹುಡುಕುವ ಹುಚ್ಚು. ಇವರ ಚರ್ಚಿನ ಹಾಲಿನಲ್ಲೂ ಗೋಡೆ ತುಂಬ ಹಾಕಬೇಕು, ಸ್ಕಾಟ್ಲೆಂಡಿನವರು ಈ ಊರು ಕಟ್ಟಿದ್ದು ಹೇಗೆ ಅಂತ ತೋರಿಸಬೇಕು ಅಂತ ಆಯಿತು. ಮುಂದಾಳು ಎದುರುಮನೆಯ ಮುದುಕ. ಅವನಿಗೆ ಬೇಕಾಗಿದ್ದು ಒಂದೇ ಫೋಟೋ, ಗಿರಣಿ ಕೆಲಸದವರ ಬ್ಯಾಂಡಿನದು. ಅದು ಇದ್ದದ್ದು ನಮ್ಮ ಅಜ್ಜಿಯ ಹತ್ತಿರ ಮಾತ್ರ. ಬಂದು ಬಂದು ಕೇಳಿದ. ಆಕೆ ಇಲ್ಲ ಇಲ್ಲ ಅಂದಳು.

ಕೊನೆಗೆ ಒಂದು ಮಧ್ಯಾಹ್ನ ನನ್ನನ್ನು ಕೆಳಗೆ ಕರೆದಳು. ಮೇಜಿನ ಮೇಲೆ ಫೋಟೋ, ಪಕ್ಕದಲ್ಲಿ ಕತ್ತರಿ. ನೆರಿಗೆ ಲಂಗ ಉಟ್ಟ ಗಂಡಸರು ಎರಡು ಸಾಲು, ಬಗಲಲ್ಲಿ ಊದುವ ಚೀಲ. ನಡುವೆ ದೊಡ್ಡ ಡ್ರಮ್ಮು, ಅದರ ಹಿಂದೆ ಮೀಸೆಯ ಗಂಡಸು.

“ಇಂವಾ ನನ್ನ ಗಂಡ. ಬಾಳ ಚಂದ ಬಾರಸ್ತಿದ್ದ. ಬ್ಯಾಂಡ್ ಇಲ್ಲದ ದಿನಾ ನನ್ನ ಬಾರಸ್ತಿದ್ದ.”

ಅಳಲಿಲ್ಲ. ಬೇಸಿನ್ನಿನಲ್ಲಿ ಬಿದ್ದ ಪಾತ್ರೆ ತೋರಿಸಿದ ಹಾಗೆ ತೋರಿಸಿ ಹೇಳಿದಳು. ವಾರಕ್ಕೊಂದು ದಿನ, ಭಾನುವಾರ, ಆ ಚರ್ಚಿನ ಹಾಲಿನಲ್ಲಿ ನಾಲ್ಕು ಜನರ ಜತೆ ಕೂತು ಚಹಾ ಕುಡಿಯುತ್ತೇನೆ, ಸತ್ತ ಮೇಲೆ ಅಲ್ಲೂ ಅವನು ಗೋಡೆಯಿಂದ ನೋಡುತ್ತ ನಿಲ್ಲಬೇಕೇ ಅಂದಳು. ಆದರೆ ಉಳಿದವರೆಲ್ಲ ಯಾರದೋ ಅಪ್ಪ, ಯಾರದೋ ಅಜ್ಜ. ಅವರನ್ನು ತಾನು ಮುಚ್ಚಿಟ್ಟುಕೊಂಡರೆ ತಪ್ಪಲ್ಲವೇ. “ನನ್ನ ಕೈ ನಡಗತಾವ. ಅಂವನ್ನ ಒಬ್ಬನ್ನ ಕತ್ತರಿಸಿ ತಗದುಬಿಡು, ಹೆನ್.”

ಡ್ರಮ್ಮಿಗೆ ಭುಜ ತಾಗಿಸಿ ನಿಂತವನು ಯಾರು ಅಂತ ಕೇಳಿದೆ. ಎದುರುಮನೆಯವನೇ, ಆಗಿನ್ನೂ ಮೀಸೆ ಮೂಡದ ವಯಸ್ಸು. ಮೀಸೆಯವನನ್ನು ತೆಗೆದರೆ ಇವನ ತೋಳು ಹೋಗುತ್ತದೆ.

“ಜೀವಂತ ಇದ್ದವರ ಫೋಟೋಕ್ಕ ನಾ ಕತ್ತರಿ ಹಾಕೂದಿಲ್ಲ ಅಜ್ಜಿ. ನಮ್ಮಲ್ಲಿ ಹಾಕೂದಿಲ್ಲ.”

“ಸತ್ತ ಕೆಟ್ಟವಗ ಹೂವು, ಬದುಕಿದ ಬೆರಕಿ ಮುದುಕಗ ಕಾವಲು. ಬಾಳ ಚಂದ ಅದ ನಿಮ್ಮ ಧರ್ಮ.”

“ನಮ್ಮ ಧರ್ಮ ಬಿಡ್ರಿ. ಕತ್ತರಿಸಿದ್ರ ನಡುವ ಖಾಲಿ ಕಾಣತದ. ಯಾರಿದ್ದರು ಅಂತ ಎಲ್ಲಾರೂ ಕೇಳತಾರ. ನೀವು ಹೇಳತೀರೇನು?”

ಹೇಳುವುದಿಲ್ಲ ಅಂದಳು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಈಗ ಚಹಾದ ಜತೆ ಹಂಚಲೇ ಅಂದಳು. ಕತ್ತರಿಯನ್ನು ಡ್ರಾಯರಿಗೆ ಹಾಕಿದಳು. ಎದುರುಮನೆಯವನನ್ನು ಕರೆದು ಫೋಟೋ ಕೊಟ್ಟಳು. ಷರತ್ತು ಒಂದೇ. ಎಲ್ಲರ ಹೆಸರು ಬರೆಯಿರಿ, ಡ್ರಮ್ಮಿನವನದು ಬೇಡ. ಮುದುಕ ಆಗಲಿ ಆಗಲಿ ಅಂದು ಎದೆಗೆ ಅವಚಿಕೊಂಡು ಓಡಿದ.

ಫೋಟೋ ತೋರಿಸುವ ದಿನ ಚರ್ಚಿನ ಹಾಲಿಗೆ ನಾನೂ ಹೋದೆ. ಆಕೆಯ ಮೊಣಕಾಲು ನೋಯುತ್ತಿತ್ತು, ಬಿಸ್ಕತ್ತಿನ ತಟ್ಟೆ ಹಿಡಿಯಲು ಒಬ್ಬರು ಬೇಕಿತ್ತು. ಬಾಗಿಲು ದಾಟಿದರೆ ಎದುರಿಗೇ ಫೋಟೋ. ದೊಡ್ಡದು ಮಾಡಿಸಿದ್ದರು, ಬಾಗಿಲಷ್ಟು ದೊಡ್ಡದು. ಡ್ರಮ್ಮಿನವನ ಮುಖ ಊಟದ ತಟ್ಟೆಯಷ್ಟಿತ್ತು. ಕೆಳಗೆ ಹೆಸರುಗಳು. ಅವನದೇ ಎಲ್ಲಕ್ಕಿಂತ ಮೊದಲು.

ಹೆಂಗಸರು ಬಂದು ಆಕೆಯ ಕೈ ಹಿಡಿದರು. ಎಂಥಾ ಗಂಡ, ಎಂಥಾ ಕಳೆ, ನಿಮಗೆ ಎಷ್ಟು ಹೆಮ್ಮೆ ಆಗಿರಬೇಕು ಅಂದರು. ಮುದುಕಿ ಅವರನ್ನು ಸರಿಸಿ ಎದುರುಮನೆಯವನ ಹತ್ತಿರ ಹೋದಳು.

“ಹೆಸರ ಬ್ಯಾಡ ಅಂದಿದ್ದೆ.”

“ಇದು ಹಿಸ್ಟರಿ. ಡ್ರಮ್ಮರ್ ಹೆಸರಿಲ್ಲದೆ ಹೇಗೆ? ಜನ ಏನಂದುಕೊಂಡಾರು?”

“ನಿಮ್ಮ ಮನಿ ನಮ್ಮ ಮನಿ ನಡುವ ಒಂದ ಗ್ವಾಡಿ ಇತ್ತು ಆಗ. ನಿನಗ ಕೇಳಸ್ತಿದ್ದಿಲ್ಲೇನು?”

ಮುದುಕಿ ಮೇಜಿನ ಮೇಲಿಟ್ಟಿದ್ದ ಬಿಸ್ಕತ್ತಿನ ತಟ್ಟೆಯನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಒಬ್ಬ ತೆಗೆದುಕೊಂಡಿದ್ದ ಬಿಸ್ಕತ್ತನ್ನೂ ಕಸಿದು ತಟ್ಟೆಗೆ ಹಾಕಿದಳು. ಇಬ್ಬರೂ ನಡೆದುಕೊಂಡು ಮನೆಗೆ ಬಂದೆವು.

“ಅಕಿ ಉಸಾಬರಿ ನಿನಗ್ಯಾಕಿತ್ತು?” ಅಂದರು ಯಜಮಾನರು. ನಡೆದು ಮೈ ಕೈ ನೋಯುತ್ತಿತ್ತು, ಮಲಗಿದೆ.

ಮುಂದಿನ ಎರಡು ಭಾನುವಾರ ಮುದುಕಿ ಹೊರಡಲಿಲ್ಲ. ಕಿಟಕಿಯ ಹತ್ತಿರ ಕೂತು, ಚರ್ಚಿನ ಹಾಲಿಗೆ ಹೋಗುವವರನ್ನು ನೋಡಿದಳು. ಎದುರುಮನೆಯವನು ಬಾಗಿಲು ಬಡಿದು, ಹೆಸರು ಅಳಿಸುತ್ತೇನೆ ಅಂದ. ಎಲ್ಲರೂ ಓದಿ ಆದ ಮೇಲೆ ಅಳಿಸಿ ಏನು ಮಾಡುತ್ತೀ ಅಂತ ಬಾಗಿಲು ಹಾಕಿದಳು. ನಾನು ಎರಡು ಸಲ ಮೇಲೆ ಕರೆದು ಚಹಾ ಕೊಟ್ಟೆ. ಕುಡಿದಳು. ಆದರೆ ಅವಳ ಊರು, ಅವಳ ಗಿರಣಿ, ಅವಳ ಗೆಳತಿಯರು ನನಗೇನು ಗೊತ್ತು? ಕಪ್ಪು ಬಸಿ ಕೆಳಗಿಟ್ಟು ಎದ್ದು ಹೋದಳು.

ಮೂರನೇ ಭಾನುವಾರ ಟೋಪಿ ಹಾಕಿಕೊಂಡು ಹೊರಬಾಗಿಲ ಮೆಟ್ಟಿಲ ಹತ್ತಿರ ನಿಂತಿದ್ದಳು.

“ಅಲ್ಲೆ ಅಂವಾ ಇರತಾನಲ್ಲ, ಅಜ್ಜಿ?”

“ಇದ್ರ ಇರಲಿ. ಈಗ ಬರೇ ನೋಡತಾನ. ಅಷ್ಟು ತಡಕೋಬಹುದು.”

ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಹೋದಳು.