ಕಂಬದ ಹಿಂದಿನ ಮೇಸ್ತ್ರಿ

ಮಾರುತಿ ಕೆಲಸಕ್ಕೆ ಸೇರಿದ ಮೊದಲ ದಿನ ಅವನ ಮೂವರು ಗೆಳೆಯರು ತಳಕು ಊರಿನ ಬಸ್ ಸ್ಟ್ಯಾಂಡಿನಲ್ಲಿ ಫೋನ್ ಹಿಡಿದು, ಬೆಳಗ್ಗೆ ಹತ್ತರಿಂದ ಊಟದ ಹೊತ್ತಿನವರೆಗೆ ಬಿಸಿಲಲ್ಲಿ ನಿಂತಿದ್ದರು. ತಪ್ಪು ಅವರದಲ್ಲ. "ಕಾರು ನೂರಿಪ್ಪತ್ತರಲ್ಲಿ ಓಡಿಸಿ ಟೆಸ್ಟ್ ಮಾಡೋ ಕೆಲಸ ಐತೆ, ಬರ್ತೀಯಾ?" ಎಂದು ರಾಮಾಂಜನೇಯ ಮೇಸ್ತ್ರಿ ಕೇಳಿದ್ದೇ ತಡ, ಈ ಮಹಾರಾಯ ಬಾವನ ಕಪ್ಪು ಕನ್ನಡಕ ಇಸ್ಕೊಂಡು, "ನಾಳೆ ಆ ಕಡೆ ಹಾಯ್ತೀನಿ, ವೀಡಿಯೊ ಮಾಡ್ಕಳ್ರಲೇ" ಎಂದು ಅಪ್ಪಣೆ ಕೊಡಿಸಿದ್ದ. ಕಾರು ನೂರಿಪ್ಪತ್ತು ಮುಟ್ಟಿದ್ದೇನೋ ನಿಜ. ಆದರೆ ಮುಟ್ಟಿದ್ದು ಚಳ್ಳಕೆರೆಯ ಶೆಡ್ಡಿನೊಳಗೆ, ನಿಂತ ಜಾಗದಿಂದ ಒಂದು ಗೇಣೂ ಕದಲದೆ. ಗೆಳೆಯರು ಇವತ್ತಿಗೂ ಅವನನ್ನು ಕಂಡರೆ, "ಎಲ್ಲಿಗೆ ಬಂತಲೇ ಗಾಡಿ?" ಎನ್ನುತ್ತಾರೆ.

ಆ ಯಂತ್ರಕ್ಕೆ ಡೈನೋ ಅಂತ ಹೆಸರು. ನೆಲದ ಗುಂಡಿಯಲ್ಲಿ ಗಾಲಿಗೊಂದರಂತೆ ಎರಡು ದಪ್ಪ ಕಬ್ಬಿಣದ ಉರುಳೆ, ಅವುಗಳ ಮೇಲೆ ಕಾರಿನ ಹಿಂದಿನ ಗಾಲಿಗಳು. ಗಾಲಿ ತಿರುಗಿದರೆ ಉರುಳೆ ತಿರುಗುತ್ತದೆ, ಎಂಜಿನ್ನಿನ ತಾಕತ್ತು ಮೀಟರಿಗೆ ಬರುತ್ತದೆ. ಕಾರು ಹಾರಿ ಹೋಗದಂತೆ ಲಾರಿ ಲೋಡು ಬಿಗಿಯುವ ಅಗಲ ಪಟ್ಟಿಗಳಲ್ಲಿ ನಾಲ್ಕೂ ಮೂಲೆಗೆ ಕಟ್ಟಿರುತ್ತಾರೆ. ಬಾಗಿಲು ಮುಚ್ಚಿದ ಎಣ್ಣೆ ಮಿಲ್ಲಿನ ಶಾಫ್ಟು, ಬೇರಿಂಗು ತಂದು ಇದನ್ನು ಕಟ್ಟಿದವರು ಮೇಸ್ತ್ರಿಯೇ. ಅದೇ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ದುಡಿದವರು. ಅಲ್ಲಿನ ಬೆಲ್ಟೊಂದು ಅವರ ಎಡಗೈಯ ಎರಡು ಬೆರಳು ತಿಂದಿತ್ತು. ಉದುರಿದ ಬೆರಳನ್ನು ತಾವೇ ಟವಲಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ನಡೆದು ಹೋದರಂತೆ. ಹಾಗಾಗಿ ಪೇಟೆಯಲ್ಲಿ ಅವರಿಗೆ ಗುಂಡಿಗೆ ಇರೋ ಮನುಷ್ಯ ಅಂತ ಹೆಸರು.

ಊರಿನ ಗಾಡಿಗಳನ್ನೆಲ್ಲ ರಿಪೇರಿ ಮಾಡುವ ಮೇಸ್ತ್ರಿ ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದರು. ಅದು ಸರಳತೆ ಎಂದು ಮಾರುತಿ ತಿಳಿದಿದ್ದ. ಡೈನೋ ಚಾಲೂ ಆದಾಗ ಅವರು ಇಟ್ಟಿಗೆ ಕಂಬದ ಹಿಂದೆ ನಿಲ್ಲುತ್ತಿದ್ದರು. ಮೀಟರು ಅಲ್ಲಿದೆಯಲ್ಲ, ಅದಕ್ಕೆ ಎಂದುಕೊಂಡಿದ್ದ.

ಕಳೆದ ವರ್ಷ ಮೊಳಕಾಲ್ಮುರಿನಿಂದ ಬಂದದ್ದು ಮಾತ್ರ ಬೇರೆ ಜಾತಿಯ ಗಾಡಿ. ರೇಷ್ಮೆ ಸೀರೆ ವ್ಯಾಪಾರಿ ಮುರುಗೇಂದ್ರಪ್ಪನವರ ತಂದೆಯ ಕಾಲದ, ಎರಡೇ ಸೀಟಿನ, ತಲೆ ಮೇಲೆ ಸೂರಿಲ್ಲದ ಕೆಂಪು ರೇಸು ಕಾರು. ಮೂವತ್ತು ವರ್ಷ ಕೊಟ್ಟಿಗೆಯಲ್ಲಿ ಕೋಳಿ ಮಲಗುತ್ತಿದ್ದ ಅದನ್ನು ಮೇಸ್ತ್ರಿ ಎಂಟು ತಿಂಗಳು ಕೂತು ಹೊಸದಾಗಿ ಕಟ್ಟಿದ್ದರು. "ರಸ್ತೆಗೆ ಬಿಟ್ಟರೆ ಏನು ಎಲ್ಲಿ ಕಳಚಿ ಬೀಳುತ್ತೋ. ಇಲ್ಲಿ ಬಿದ್ದರೆ ಶೆಡ್ಡಿನಾಗೇ ಬೀಳುತ್ತೆ" ಎಂದರು. ಶೆಡ್ಡಿನೊಳಗೆ ಕಾರಿನಲ್ಲಿ ಕೂರುವವನು ತಾನು ಎಂಬುದು ಮಾರುತಿಗೆ ಆ ಕ್ಷಣವೇ ಹೊಳೆಯಿತು.

ಪರೀಕ್ಷೆಯ ದಿನ ಮುರುಗೇಂದ್ರಪ್ಪನವರ ತಾಯಿ ಬಸವಲಿಂಗಮ್ಮ ಪೂಜೆ ಸಾಮಾನಿನ ಸಮೇತ ಬಂದಿಳಿದರು. ಮೇಸ್ತ್ರಿ ಕೈ ಮುಗಿದರು. "ಉರುಳೆ ಮೇಲೆ ಒಂದು ಹನಿ ನೀರೂ ಬೀಳಬಾರದಮ್ಮ. ಪೂಜೆ ಆಮೇಲೆ, ಹೊರಗಡೆ." ನಾಲ್ಕೂ ಪಟ್ಟಿ ತಾವೇ ಬಿಗಿದು, ಅವುಗಳ ಮೇಲೆ ಕೂತು ಜಗ್ಗಿ ನೋಡಿ, ಮೀಟರಿನ ವೈರು ಜೋಡಿಸಲು ಕಂಬದ ಹಿಂದೆ ಹೋದರು.

"ಏ ತಮ್ಮಾ," ಎಂದರು ಬಸವಲಿಂಗಮ್ಮ ಮೆಲ್ಲಗೆ, "ನಿಂಬೆಹಣ್ಣು ಇಡದೆ ಎಲ್ಲಾದ್ರೂ ಗಾಡಿ ಚಾಲು ಮಾಡ್ತಾರೇನು?"

"ಗಾಡಿ ಮುಂದಕ್ಕೇ ಹೋಗಲ್ರೀ ಅವ್ವಾರೇ."

"ಗಾಲಿ ತಿರುಗುತ್ತೋ ಇಲ್ವೋ?"

"ತಿರುಗುತ್ತೆ."

"ಮತ್ತೆ?"

ಡಿಪ್ಲೊಮಾ ಓದಿದ ಮಾರುತಿ ಕಂಬದ ಕಡೆ ಒಮ್ಮೆ ನೋಡಿ, ಹಣ್ಣಿಗೆ ಕೈ ಚಾಚಿದ. ಆ ಸೀಟಿನಲ್ಲಿ ಕೂರಬೇಕಾದವನಿಗೆ ಒಂದು ನಿಂಬೆಹಣ್ಣಿನ ಧೈರ್ಯ ಬೇಕೂ ಇತ್ತು. ಹಿಂದಿನ ಎರಡು ಗಾಲಿಯ ಮುಂದೆ, ಉರುಳೆಯ ಮೇಲೆ, ಎರಡು ಹಣ್ಣು ಇಟ್ಟ. ಎಡಗಡೆಯದು ಉರುಳಿ ಗುಂಡಿಗೆ ಬಿತ್ತು. ಬಲಗಡೆಯದು ಅಲ್ಲೇ ನಿಂತಿತು. ಮೇಸ್ತ್ರಿಗೆ ಹೇಳಲಿಲ್ಲ.

ಮೊದಲನೇ ಗೇರಿನಲ್ಲಿ ಹಣ್ಣು ಪಚಕ್ಕೆಂದಿತು. ಎಂಜಿನ್ನಿನ ಸದ್ದಿನಲ್ಲಿ ಅದು ಮೇಸ್ತ್ರಿಗೆ ಕೇಳಿಸಲಿಲ್ಲ. ಐವತ್ತು. ಎಪ್ಪತ್ತಕ್ಕೆ ತಗಡಿನ ಸೂರು ಅದುರತೊಡಗಿತು. ಎದುರಿಗೆ ಎಂಟಡಿ ದೂರದಲ್ಲಿ ಗೋಡೆ. ನೂರರ ವೇಗದಲ್ಲಿ ಗೋಡೆಯನ್ನೇ ನೋಡುತ್ತ ಕೂರುವುದು ಎಷ್ಟು ಸಲ ಮಾಡಿದರೂ ಅಭ್ಯಾಸವಾಗುವ ಕೆಲಸವಲ್ಲ. ನೂರಹತ್ತು.

ಆಗ ಬಲಗಡೆಯ ಗಾಲಿ ಉರುಳೆಯ ಮೇಲೆ ಜಾರಿತು. ಎಂಜಿನ್ ಕಿರುಚಿತು, ಕಾರಿನ ಬೆನ್ನು ಎಡಕ್ಕೆ ಎಳೆಯಿತು, ಹಿಂದೆ ಪಟ್ಟಿಯೊಂದು ಕಿರ್ರೆಂದಿತು. ಮಾರುತಿಯ ಕಾಲು ತಾನಾಗಿ ಬ್ರೇಕಿನ ಕಡೆ ಹೋಯಿತು.

"ಬ್ರೇಕ್ ಮುಟ್ಟಬ್ಯಾಡಲೇ! ಕ್ಲಚ್! ಕ್ಲಚ್ ತುಳಿ!" ಕಂಬದ ಹಿಂದಿನಿಂದ ಮೇಸ್ತ್ರಿಯ ಕೂಗು.

ಮೊದಲ ದಿನವೇ ಹೇಳಿಕೊಟ್ಟ ಪಾಠ ಅದು. ಗಾಲಿ ನಿಂತರೂ ಉರುಳೆ ನಿಲ್ಲುವುದಿಲ್ಲ, ಕಾರನ್ನು ಹಿಂದಕ್ಕೆ ಎಸೆಯುತ್ತದೆ. ಹಿಂದೆ ತೆರೆದ ಬಾಗಿಲು, ಅದರಾಚೆ ಲಾರಿಗಳ ಬಳ್ಳಾರಿ ರಸ್ತೆ. ಮಾರುತಿ ಕ್ಲಚ್ ತುಳಿದು ಕೂತ. ಉರುಳೆ ತಾನಾಗಿ ನಿಲ್ಲಲು ಒಂದೂವರೆ ನಿಮಿಷ ಬೇಕು. ಬಾಗಿ, ಕ್ಲಚ್ಚಿನ ಮೇಲಿನ ಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ಕಾಲು ಜಾರಿದರೆ ಗೇರು ಕಚ್ಚುತ್ತದೆ, ಪಟ್ಟಿ ಹೋಗುತ್ತದೆ, ಅದರ ಜೊತೆ ಅವನೂ. ಗೇರು ತೆಗೆದರೆ ಸಾಕಿತ್ತು ಎಂಬುದು ಹೊಳೆದದ್ದು ಮರುದಿನ ಬಸ್ಸಿನಲ್ಲಿ. ಕಣ್ಣು ಕಂಬದ ಕಡೆ ಹೊರಳಿತು. ಅಲ್ಲಿ ಮೇಸ್ತ್ರಿಯ ಅರ್ಧ ಮುಖ, ಇಟ್ಟಿಗೆಯನ್ನು ಅವುಚಿ ಹಿಡಿದ ಮೂರು ಬೆರಳಿನ ಕೈ. ಉರುಳೆ ನಿಧಾನವಾದರೂ ಆ ಕೈ ಇಟ್ಟಿಗೆ ಬಿಡಲಿಲ್ಲ.

ಉರುಳೆ ನಿಂತಿತು. ಪೂರ್ತಿ ನಿಂತ ಮೇಲೂ ಸ್ವಲ್ಪ ಹೊತ್ತು ಬಿಟ್ಟೇ ಮೇಸ್ತ್ರಿ ಬಂದರು. ಬಗ್ಗಿ, ಬಲ ಉರುಳೆಗೆ ಅಂಟಿದ್ದ ಲೋಳೆಯನ್ನು ಬೆರಳಲ್ಲಿ ಒರೆಸಿ, ಮೂಸಿದರು.

"ಯಾರಿಟ್ಟಿದ್ದು?"

"ನಾನೇ, ಮೇಸ್ತ್ರಿ."

"ಚಚ್ಚೇವಾಡಿವಿ ಕದರಾ... ಸತ್ತೇ ಹೋಗ್ತಿದ್ದೆಯಲ್ಲೋ." ಬೈಗುಳದ ಬದಲು ಅವರ ಮನೆಮಾತು ತೆಲುಗು ಹೊರಬಿದ್ದಿತ್ತು.

ತಪ್ಪಿನಲ್ಲಿ ಅರ್ಧ ಪಾಲು ತಮ್ಮದೂ ಇದೆಯೆಂದು ಬಸವಲಿಂಗಮ್ಮನಿಗೆ ಗೊತ್ತಾಗಿತ್ತು. ಅದಕ್ಕೇ ಇರಬೇಕು, ದನಿ ಏರಿಸಿದರು. "ಅಲ್ಲಪ್ಪಾ, ಗಾಡಿ ಕಟ್ಟಿದವನು ನೀನು, ಮಿಷನ್ ಮಾಡಿದವನು ನೀನು. ಇವನ್ನ ಕೂರಿಸಿ ನೀನ್ಯಾಕೆ ಕಂಬದ ಹಿಂದೆ ನಿಂತಿದ್ದೆ?"

ಎರಡು ವರ್ಷದಿಂದ ಡೈನೋ ಮೇಲೆ ಕೂರುತ್ತಿದ್ದ ಮಾರುತಿ ಒಮ್ಮೆಯೂ ಕೇಳದ ಪ್ರಶ್ನೆ ಅದು. ಅವನು ಸೀಟಿನಿಂದ ಇನ್ನೂ ಎದ್ದಿರಲಿಲ್ಲ.

ಮೇಸ್ತ್ರಿ ಕೈ ಒರೆಸಿಕೊಂಡರು.

"ಹೆದರಿಕೆ, ಅಮ್ಮ. ಬೆಲ್ಟು ಕೈ ಎಳ್ಕೊಂಡ ದಿನದಿಂದ ಓಡೋ ಮಿಷನ್ನಿನ ಮೇಲೆ ನಾನು ಕೂತಿಲ್ಲ. ಕೂರೋದೂ ಇಲ್ಲ."