ಪೂರ್ವಕ್ಕೆ ತಿರುಗಿಸಿದ ಮಿಷನ್

ಮೂಗೂರಿನ ಚೆಲುವರಾಜುವನ್ನು ಕಂಡರೆ ನಂಜನಗೂಡಿನ ಆ ಕಾರ್ಖಾನೆಯಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಅವನಿಗೂ ಯಾರೂ ಬೇಕಿರಲಿಲ್ಲ. ಇಪ್ಪತ್ತು ವರ್ಷದಿಂದ ಎ.ಸಿ. ಕೋಣೆಯಲ್ಲಿ ಅಳತೆ ಮಿಷನ್ನಿನ ಮುಂದೆ ಕೂತು, ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು 'ರಿಜೆಕ್ಟ್' ಎಂದು ತಳ್ಳುವುದೇ ಅವನ ಕೆಲಸ. ಜೊತೆಗೊಂದು ಕೊಂಕು ಮಾತು ಬಿಟ್ಟಿ.

ಆಯುಧಪೂಜೆ ಕಳೆದ ಮೇಲೆ ಬನ್ನೂರಿನ ರಾಣಿ ತೂತು ಕೊರೆದ ಪ್ಲೇಟುಗಳೆಲ್ಲ ರಿಜೆಕ್ಟ್ ಆಗತೊಡಗಿದವು. ಮೂಲೆಮಟ್ಟ ಇಲ್ಲ, ತೊಂಬತ್ತು ಡಿಗ್ರಿ ತಪ್ಪಿದೆ ಎನ್ನುತ್ತಿತ್ತು ಮಿಷನ್. ಮೂಲೆಮಟ್ಟ ನೋಡಬೇಕಾದ ಕೆಲಸ ಅಲ್ಲಿ ಅವಳದೊಂದೇ. ಮಿಷನ್ನೇ ಕೆಟ್ಟಿರಬಹುದು ಎಂದಳು ಅವಳು. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ನಿನ್ ಕೈ ನಡುಗ್ತದೆ, ಅಷ್ಟೇಯ," ಎಂದು ಚೆಲುವರಾಜು ಕ್ಯಾಂಟೀನಿನಲ್ಲಿ ಎಲ್ಲರೆದುರು ಅಂದ. ಶನಿವಾರದೊಳಗೆ ಸರಿಹೋಗದಿದ್ದರೆ ಕೆಲಸ ಬಿಡು ಎಂದ ಮ್ಯಾನೇಜರ್ ರವಿಕುಮಾರ್.

ಶುಕ್ರವಾರ ರಾಣಿ ಒಂದು ಪ್ಲೇಟು ತಂದು ಅವನ ಮೇಜಿನ ಮೇಲೆ ಕುಕ್ಕಿದಳು. "ಮೈಸೂರಲ್ಲಿ ನಮ್ಮಣ್ಣನ ಫ್ಯಾಕ್ಟ್ರೀಲಿ ಅಳೆಸ್ಕಂಡ್ ಬಂದಿವ್ನಿ. ಸರಿಯಾಗೈತಂತೆ. ಈಗ ನಿಮ್ ಮಿಷಿನ್ ನೋಡ್ಕಳಿ."

ಅವಳ ಬಾಯಿ ಮುಚ್ಚಿಸಲೆಂದೇ ಅವನು ಪರೀಕ್ಷೆಗೆ ಇಳಿದ. ಉದ್ದ ಗೊತ್ತಿದ್ದ ಉಕ್ಕಿನ ಸರಳನ್ನು ಮಿಷನ್ನಿನ ಕಲ್ಲುಹಾಸಿನ ಮೇಲೆ ಮೂಲೆಯಿಂದ ಮೂಲೆಗೆ ಇಟ್ಟು ಅಳೆದ. ಆಮೇಲೆ ಇನ್ನೆರಡು ಮೂಲೆಗಳಿಗೆ ತಿರುಗಿಸಿ ಅಳೆದ. ಸರಳು ಅದೇ, ಅಳತೆ ಮಾತ್ರ ಒಂದು ಕಡೆ ಹಿಗ್ಗಿತ್ತು, ಇನ್ನೊಂದು ಕಡೆ ಕುಗ್ಗಿತ್ತು. ಮೂಲೆಮಟ್ಟ ತಪ್ಪಿದ್ದು ಮಿಷನ್ನಿನದೇ. ಈ ಸಲ ನೆಲವೇ ಡೊಂಕಾಗಿತ್ತು.

ಪೂಜೆಯ ಹೊತ್ತಿಗೆ ಮಿಷನ್ ದಕ್ಷಿಣಕ್ಕೆ ಮುಖ ಮಾಡಿರಬಾರದೆಂದು ಹಟ ಹಿಡಿದು, ಹತ್ತು ಜನರನ್ನು ಹಚ್ಚಿ ಪೂರ್ವಕ್ಕೆ ತಿರುಗಿಸಿದವನು ಅವನೇ. ಕಲ್ಲು ಕೂತ ಮಟ್ಟ ಬದಲಾಗಿತ್ತು. ಮಿಷನ್ನಿನ ಓರೆಕೋರೆ ಸರಿದೂಗಿಸಲು ಕಂಪ್ಯೂಟರಿನಲ್ಲಿದ್ದ ಅಂಕಿಗಳು ಮಾತ್ರ ಹಳೆಯವೇ. ಮತ್ತೆ ತಪಾಸಣೆ ಮಾಡಿಸದೆ, ಕುಂಬಳಕಾಯಿ ಒಡೆದು ಕೈ ತೊಳೆದುಕೊಂಡಿದ್ದ.

"ಅಂಕಿ ತಿದ್ಸಿ ಸುಮ್ನಿರು. ತಪ್ಪು ಅವಳ್ದೇ ಅಂತಿರ್ಲಿ," ಎಂದ ವಿಷಯ ಕೇಳಿದ ರವಿಕುಮಾರ್. ಚೆಲುವರಾಜುವಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಆದರೆ ಸುಳ್ಳು ಅಳತೆಗೆ ರುಜು ಹಾಕಿ ಅವನಿಗೆ ಅಭ್ಯಾಸವಿರಲಿಲ್ಲ. ಶನಿವಾರ ಅದೇ ಕ್ಯಾಂಟೀನಿನಲ್ಲಿ ಎದ್ದು ನಿಂತ. "ಮಿಷಿನ್ ಕೆಟ್ಟಿತ್ತು. ಕೆಡಿಸ್ದೋನು ನಾನು. ರಾಣಿ ಕೆಲ್ಸ ಸರಿಯಾಗೈತೆ."

ರಾಣಿ ತಟ್ಟೆಯಿಂದ ತಲೆ ಎತ್ತದೆ ಉಣ್ಣುತ್ತಲೇ ಇದ್ದಳು.

ಅವಳ ಕೆಲಸ ಉಳಿಯಿತು. ಮಿಷನ್ ತಯಾರಿಸಿದ ಕಂಪನಿಯವರು ಬಂದು ಅದಕ್ಕೆ ಹೊಸ ಅಂಕಿ ತುಂಬಿ ಹೋಗಿ ವರ್ಷವಾಯಿತು. ಇವತ್ತಿಗೂ ರಾಣಿ ಪ್ಲೇಟು ತಂದರೆ ಕೈಕಟ್ಟಿ ಎದುರಿಗೇ ನಿಲ್ಲುತ್ತಾಳೆ. ಅವನು ಅಳೆದು ಸರಿಯಿದೆ ಎಂದರೂ, "ತಿರುಗ್ಸಿ ಇನ್ನೊಂದ್ ಸಲ ಅಳೀರಿ," ಎನ್ನುತ್ತಾಳೆ. ಚೆಲುವರಾಜು ತಿರುಗಿಸಿ ಅಳೆಯುತ್ತಾನೆ.