ಹುಳಿಮುದುಕಿಯನ್ನು ಚರಂಡಿಗೆ ಬಿಟ್ಟವನು

ನಮ್ಮಣ್ಣನ ಬಾಯಲ್ಲಿ ನಾಲಿಗೆ ಇದೆ ಎಂದು ಡಾಕ್ಟರು ಬೇಕಾದರೆ ಹೇಳಲಿ, ನಾನು ನಂಬುವುದಿಲ್ಲ. ಅಲ್ಲಿರುವುದು ಚಪ್ಪಲಿಯ ಅಟ್ಟೆ. ಆದರೂ ಮುಂದಿನ ಕೋಣೆಯಲ್ಲಿ ಗಿರಾಕಿಗಳೆದುರು ಗ್ಲಾಸನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ನಮ್ಮ ವೈನಿನ ರುಚಿ ಅಪ್ಪನ ಕಾಲದಿಂದ ಒಂಚೂರೂ ಬದಲಾಗಿಲ್ಲ. ಅದು ನಮ್ಮ ರಕ್ತದಲ್ಲೇ ಇದೆ" ಎಂದು ಕೊಚ್ಚಿಕೊಳ್ಳುವವನು ಅವನೇ. ರಕ್ತವಂತೆ ರಕ್ತ! ಪೀಪಾಯಿ ತೊಳೆಯುವ ನನ್ನ ಮೈಯಲ್ಲೂ ಹರಿಯುತ್ತಿರುವುದು ಅದೇ. ಅದರಿಂದ ಇವತ್ತಿನವರೆಗೆ ಒಂದು ಬಾಟಲಿಯೂ ತುಂಬಿಲ್ಲ.

ವೈನ್ ಮಾಡುವವಳು ಅತ್ತಿಗೆ. ಅಪ್ಪ ಕೆಲಸ ಕಲಿಸಿದ್ದು ನಮ್ಮಿಬ್ಬರಿಗಲ್ಲ, ಈ ಸೊಸೆಗೆ. ಅದು ಅಪ್ಪ ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ. ಈಗೀಗ ಬಿಸಿಲು ಹೆಚ್ಚಿ ದ್ರಾಕ್ಷಿ ಬೇಗ ಹಣ್ಣಾಗುತ್ತದೆ. ಸಕ್ಕರೆ ಏರಿ ಹುಳಿ ಇಳಿದುಬಿಡುತ್ತದೆ. ಹಾಗೇ ಬಿಟ್ಟರೆ ವೈನು ಮಂದವಾಗಿ, ಗಂಟಲು ಸುಡುವ ಜಾಮಿನಂತಾಗುತ್ತದೆ. ನಮ್ಮ ಮನೆಯದು ಹಾಗಲ್ಲ. ತೆಳು, ಚುರುಕು, ಗುಟುಕು ಇಳಿದ ಮೇಲೂ ಬಾಯಲ್ಲಿ ನೀರೂರಬೇಕು.

ಅದಕ್ಕಾಗಿ ಅತ್ತಿಗೆ ಸಂಜೆ ಬಿಸಿಲು ಬೀಳುವ ಕಡೆ ಬಳ್ಳಿಯ ಒಂದು ಎಲೆಯನ್ನೂ ಕೀಳಗೊಡುವುದಿಲ್ಲ. ಗೊಂಚಲು ತಣ್ಣಗಿರುವಾಗಲೇ, ಬೆಳಕು ಹರಿಯುತ್ತಿದ್ದಂತೆ ಕೊಯ್ಲು ಮುಗಿಸುತ್ತಾಳೆ. ಇಷ್ಟಾದರೂ ಅವಳ ಜೀವ ಇದ್ದದ್ದು ನೆಲಮಾಳಿಗೆಯ ಮೂಲೆಯಲ್ಲಿದ್ದ ಒಂದು ದೊಡ್ಡ ಪೀಪಾಯಿಯಲ್ಲಿ. ತಂಪು ವರ್ಷಗಳ ವೈನನ್ನು ಅದರಲ್ಲಿ ಕೂಡಿಟ್ಟಿದ್ದಳು. ಹಾಗೇ ಕುಡಿದರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಬಿಸಿಲಿನ ವರ್ಷದ ವೈನಿಗೆ ಅದರಿಂದ ಒಂದಿಷ್ಟು ಬೆರೆಸಿದರೆ ಸಾಕು, ಮನೆಯ ರುಚಿ ಎದ್ದು ಕೂರುತ್ತಿತ್ತು. ಆ ಪೀಪಾಯಿಗೆ ನಾವು ಹುಳಿಮುದುಕಿ ಎನ್ನುತ್ತಿದ್ದೆವು.

ಈ ಸಲದ ಬಿಸಿಲು ಬೆಂಕಿ. ಕೊಯ್ಲಿಗೆ ಮುಂಚೆ, ಅತ್ತಿಗೆ ತೋಟದಲ್ಲಿದ್ದಾಗ, ಅಣ್ಣ ಗೆಳೆಯನೊಬ್ಬನನ್ನು ನೆಲಮಾಳಿಗೆಗೆ ಕರೆದೊಯ್ದು, ಜಂಭಕ್ಕೆ ಹುಳಿಮುದುಕಿಯ ನಲ್ಲಿ ತಿರುಗಿಸಿ ಕುಡಿಸಿದ. ಗೆಳೆಯ ಮುಖ ಹಿಂಡಿದ. ಅಣ್ಣನಿಗೆ ಅವಮಾನವಾಯಿತು. ಅಷ್ಟಕ್ಕೇ ಪೈಪು ಹಚ್ಚಿ ಇಡೀ ಪೀಪಾಯಿಯನ್ನು ಚರಂಡಿಗೆ ಬಿಟ್ಟ. ಹಿತ್ತಿಲಿನಲ್ಲಿದ್ದ ನಾನು ವಾಸನೆ ಬಡಿದು ಓಡಿ ಬರುವಷ್ಟರಲ್ಲಿ ತಳ ಕಂಡಿತ್ತು.

"ಕೆಟ್ಟುಹೋಗಿತ್ತು ಕಣೋ. ಹೊಸದಕ್ಕೆ ಜಾಗ ಮಾಡ್ದೆ," ಎಂದ ಕೈ ಒರೆಸಿಕೊಳ್ಳುತ್ತ. ಮುಖದಲ್ಲಿ ಏನೋ ದೊಡ್ಡ ಉಪಕಾರ ಮಾಡಿದ ಕಳೆ. ಥೂ!

ಅತ್ತಿಗೆ ಬಂದು ಪೀಪಾಯಿಯನ್ನು ಬೆರಳಿನಿಂದ ತಟ್ಟಿ ನೋಡಿದಳು. ಗಂಡನ ಕಡೆ ತಿರುಗಲೂ ಇಲ್ಲ.

"ಗುಡ್ಡದ ಮೇಲಿನ ದ್ರಾಕ್ಷಿ ನಾಳೆನೇ ಕೊಯ್ಯೋಣಪ್ಪ," ಎಂದಳು ನನಗೆ.

"ಅದಿನ್ನೂ ಕಾಯಿ, ಅತ್ತಿಗೆ!"

"ಕಾಯೇ ಬೇಕಾಗಿರೋದು."

ಆ ಹುಳಿ ಕಾಯಿಯಿಂದ ವೈನ್ ಮಾಡಿ, ಕೆಳತೋಟದ ವೈನಿಗೆ ಹದ ನೋಡಿ ನೋಡಿ ಬೆರೆಸಿದಳು. ಉಗುಳಿದಳು, ಮತ್ತೆ ಬೆರೆಸಿದಳು. ಕೊನೆಗೂ ರುಚಿ ಕೂತಿತು. ಆದರೆ ಗುಡ್ಡದ ತೋಟ ಸಣ್ಣದು. ಹತ್ತಿಪ್ಪತ್ತು ಪೀಪಾಯಿಗೇನೋ ಸಾಕಾಯಿತು. ಮಿಕ್ಕ ಅರ್ಧಕ್ಕೂ ಹೆಚ್ಚು ವೈನು ಜಾಮಾಗಿಯೇ ಉಳಿಯಿತು.

"ಎಲ್ಲಾದಕ್ಕೂ ನಮ್ಮ ಲೇಬಲ್ಲೇ ಹಚ್ಚು. ಯಾವನಿಗೆ ಗೊತ್ತಾಗತ್ತೆ?" ಎಂದ ಅಣ್ಣ.

"ಹೋಟೆಲ್ ಯಜಮಾನ್ರಿಗೆ ಗೊತ್ತಾಗತ್ತೆ."

"ಆಯ್ತು, ಎರಡೂ ಕುಡ್ಸು. ಅವರು ತಪ್ಪು ಹಿಡೀಲಿಲ್ಲ ಅಂದ್ರೆ ತೆಪ್ಪಗೆ ಲೇಬಲ್ ಹಚ್ಬೇಕು."

"ಆಗ್ಲಿ ರೀ."

ಹೋಟೆಲ್ ಯಜಮಾನರು ಅಪ್ಪನ ಕಾಲದ ಗಿರಾಕಿ. ಅವರು ಏಮಾರಿದರೆ ಆ ಜಾಮೆಲ್ಲ ನಮ್ಮ ಹೆಸರು ಹೊತ್ತು ಊರೂರು ಸುತ್ತುತ್ತಿತ್ತು. ಅತ್ತಿಗೆ ಇಷ್ಟು ವರ್ಷ ಕಾಪಾಡಿದ್ದೆಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಅವರು ಬಂದ ದಿನ ಅತ್ತಿಗೆ ಮೇಜಿನ ಮೇಲೆ ಎರಡು ಹೂಜಿ ಇಟ್ಟಳು. ಒಂದರಿಂದ ಅವರಿಗೆ ಬಗ್ಗಿಸಿದಳು, ಇನ್ನೊಂದರಿಂದ ಗಂಡನಿಗೆ. ಯಾವುದರಲ್ಲಿ ಯಾವುದಿದೆ ಎಂದು ಇಬ್ಬರಿಗೂ ಹೇಳಲಿಲ್ಲ.

ಯಜಮಾನರು ಒಂದು ಗುಟುಕು ಕುಡಿದು ತಲೆದೂಗಿದರು. "ಅಬ್ಬಾ, ಇಂಥ ಬಿಸಿಲಲ್ಲೂ ಅದೇ ರುಚಿ!"

ಅಣ್ಣ ತನ್ನ ಗ್ಲಾಸನ್ನು ಗಟಗಟನೆ ಮುಗಿಸಿ ಬಾಯಿ ಚಪ್ಪರಿಸಿದ. "ಅದೇ ರುಚಿ! ನಮ್ಮ ರಕ್ತದಲ್ಲೇ ಇದೆ ಸ್ವಾಮಿ. ತಗೊಳ್ಳಿ, ಇನ್ನೊಂದು ಸ್ವಲ್ಪ," ಎನ್ನುತ್ತ ತನ್ನ ಹೂಜಿಯಿಂದಲೇ ಅವರ ಗ್ಲಾಸಿಗೆ ಸುರಿದ.

ಅವರು ಬಾಯಿಗಿಟ್ಟವರು ಗ್ಲಾಸನ್ನು ಕೆಳಗಿಟ್ಟರು. "ಇದು ಯಾರ ಮನೇದು?"

"ಅದು ನಮ್ಮ ಯಜಮಾನ್ರದ್ದು," ಎಂದಳು ಅತ್ತಿಗೆ. "ಮೊದಲು ಕುಡಿದ್ರಲ್ಲ, ಅದು ಮನೇದು."

ಜಾಮು ಲೇಬಲ್ಲಿಲ್ಲದೆ ಅಗ್ಗಕ್ಕೆ ಹೋಯಿತು. ಮುಂದಿನ ವರ್ಷಗಳಿಗೆಂದು ಬೆರೆಸದೆ ಎತ್ತಿಟ್ಟಿದ್ದ ಒಂದಿಷ್ಟು ಹುಳಿ ವೈನನ್ನು ಅತ್ತಿಗೆ ಮತ್ತೆ ಹುಳಿಮುದುಕಿಗೇ ತುಂಬಿ ನಲ್ಲಿಗೆ ಬೀಗ ಹಾಕಿದಳು. ಸಂಜೆ ನಾನು ಅಂಗಳದಲ್ಲಿ ಪೀಪಾಯಿ ತೊಳೆಯುತ್ತಿದ್ದಾಗ ಅಣ್ಣ ಹತ್ತಿರ ಬಂದು, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದ.

"ಅಲ್ವೋ, ನಿಜವಾಗ್ಲೂ ಎರಡೂ ಬೇರೆ ಬೇರೆ ಇತ್ತೇನೋ?"

ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

"ಚರಂಡೀನ ಕೇಳು," ಎಂದೆ.